ರಾಯಚೂರಿನ ಒಂದು ಕಾಲೇಜಿನ ಸಮಾನ ಅವಕಾಶ ಘಟಕ: ಬಾಯಿಮಾತಿನ ದೂರಿಗೆ ಎಷ್ಟು ಬೆಲೆ?

ಸಿಂಧನೂರಿನ ಆರ್.ಎಚ್. ಕ್ಯಾಂಪಿನ (ನಿರಾಶ್ರಿತರ ಪುನರ್ವಸತಿ ಕ್ಯಾಂಪು) ಬಂಗಾಳಿ ಹುಡುಗನನ್ನು ‘ಬಾಂಗ್ಲಾ’ ಎಂದು ಕರೆಯುವುದು, ತಾಂಡಾದ ಹುಡುಗಿಯ ಮಾತನ್ನು ಅಣಕಿಸುವುದು, ಈಶಾನ್ಯ ರಾಜ್ಯದವರ ಕಣ್ಣು-ಮೂಗಿನ ಬಗ್ಗೆ ಹಾಸ್ಟೆಲ್ ಗ್ರೂಪಿನಲ್ಲಿ ಸ್ಟಿಕ್ಕರ್ ಹಾಕುವುದು. ನಮ್ಮ ಭಾಗದ ಕಾಲೇಜುಗಳಲ್ಲಿ ಇದು ‘ತಮಾಷೆ’ಯ ಲೆಕ್ಕಕ್ಕೆ ಹೋಗುತ್ತದೆ. ಅನುಭವಿಸುವವರಲ್ಲಿ ಹೆಚ್ಚಿನವರಿಗೆ ಪೊಲೀಸ್ ಠಾಣೆ ಬೇಡ, ಕಾಟ ನಿಂತರೆ ಸಾಕು. ಅಂಥವರಿಗಾಗಿ ರಾಯಚೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಸಮಾನ ಅವಕಾಶ ಘಟಕ ಅರ್ಜಿ ಇಲ್ಲದೆ ಬಾಯಿಮಾತಿನಲ್ಲೇ ದೂರು ಕೇಳುತ್ತದೆ. ಕೊರತೆಗಳನ್ನೂ ಬರೆಯುವುದರಿಂದ ಕಾಲೇಜಿನ ಹೆಸರು ಹಾಕಿಲ್ಲ.

ಮೊದಲು ಮೆಚ್ಚಬೇಕಾದದ್ದು. ಘಟಕದ ಯಾವ ಸದಸ್ಯರಿಗೆ ಬೇಕಾದರೂ ಹೇಳಬಹುದು. ಪ್ರಾಂಶುಪಾಲರ ಕೋಣೆಯ ಮುಂದೆ ಎಲ್ಲರ ಎದುರು ಕಾಯಬೇಕಿಲ್ಲ. ಕೇಳುವವರು ಒಂದು ಹಾಳೆಯಲ್ಲಿ ದಿನಾಂಕ, ಸ್ಥಳ, ಯಾರು ಏನೆಂದರು, ಹತ್ತಿರ ಯಾರಿದ್ದರು ಎಂಬುದನ್ನು ಬರೆದುಕೊಳ್ಳುತ್ತಾರೆ. ಬೈಗುಳವನ್ನು ‘ಅವಾಚ್ಯ ಶಬ್ದ’ ಎಂದು ಮುಚ್ಚದೆ, ಆಡಿದ ಭಾಷೆಯಲ್ಲಿ ಆಡಿದಂತೆಯೇ ದಾಖಲಿಸುತ್ತಾರೆ. ಇದು ಬಹಳ ಮುಖ್ಯ. ‘ಅವಾಚ್ಯ’ ಎಂದಷ್ಟೇ ಬರೆದರೆ ಅದು ಜಾತಿನಿಂದನೆಯೋ ಬರೀ ಜಗಳವೋ ಎಂದು ಆಮೇಲೆ ಯಾರಿಗೂ ಹೇಳಲಾಗದು. ಬರೆದದ್ದನ್ನು ಓದಿ ಹೇಳಿ, ಒಂದು ನಕಲು ಕೊಡುತ್ತಾರೆ. ನಂತರ ‘ನಿನಗೇನಾಗಬೇಕು?’ ಎಂದು ಕೇಳುತ್ತಾರೆ. ಎಚ್ಚರಿಕೆ ಸಾಕೇ, ಕ್ಷಮೆ ಬೇಕೇ, ಲ್ಯಾಬ್ ಬ್ಯಾಚಿನಿಂದ ಆ ಹುಡುಗನನ್ನು ಬದಲಿಸಬೇಕೇ, ಅಥವಾ ಸದ್ಯಕ್ಕೆ ದಾಖಲಾದರೆ ಸಾಕೇ ಎಂದು ಆರಿಸುವುದು ದೂರುದಾರರೇ. ಎದುರಿನವನನ್ನು ಬೇರೆ ದಿನ, ಬೇರೆಯಾಗಿ ಕರೆಸುತ್ತಾರೆ.

ಎಡವಟ್ಟಾಗುವುದು ಹಾಸ್ಟೆಲ್ ವಿಷಯ ಬಂದಾಗ. ಘಟಕಕ್ಕಿಂತ ಮೊದಲು ವಾರ್ಡನ್ ಕಿವಿಗೆ ಬಿದ್ದರೆ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ‘ಹೋಗ್ಲಿ ಬಿಡಪಾ, ಯಾಕ ಬೆಳಸ್ತಿ, ಕೈ ಕುಲುಕ್ರಿ’ ಎಂದು ಮುಗಿಸುತ್ತಾರೆ. ಒಂದೇ ಕಾರಿಡಾರಿನಲ್ಲಿ ಮಲಗುವ ಹುಡುಗ ಅಲ್ಲಿ ‘ಆಯ್ತು ಸರ್’ ಎನ್ನದೆ ಇನ್ನೇನು ಹೇಳಿಯಾನು? ಅದು ಒಪ್ಪಿಗೆಯಲ್ಲ, ಹೆದರಿಕೆ. ಇನ್ನೂ ಕೆಟ್ಟದ್ದು ರೂಮ್ ಬದಲಾವಣೆ: ಕಾಟ ಕೊಟ್ಟವನು ಹಾಸಿಗೆ ಬಿಟ್ಟು ಕದಲುವುದಿಲ್ಲ, ದೂರು ಕೊಟ್ಟವನು ಟ್ರಂಕ್ ಹೊತ್ತು ಹೋಗಬೇಕು. ನೋಡಿದವರೆಲ್ಲ ಶಿಕ್ಷೆಯಾದದ್ದು ಅವನಿಗೇ ಎಂದುಕೊಳ್ಳುತ್ತಾರೆ. ಮುಂದಿನವರು ಬಾಯಿ ಬಿಡುವುದಿಲ್ಲ.

ಎರಡನೆಯ ಕೊರತೆ, ಘಟಕದಲ್ಲಿ ವಿಭಾಗದ ಮುಖ್ಯಸ್ಥರೇ ಕೂತಿರುವುದು. ಇಂಟರ್ನಲ್ ಅಂಕ ಹಾಕುವ ಕೈಗೇ ದೂರು ಕೊಡುವುದು ಹೇಗೆ? ಸ್ವಂತ ವಿಭಾಗದ ದೂರು ಬಂದರೆ ಆ ಸದಸ್ಯರು ಹೊರಗುಳಿಯುವ ನಿಯಮ ಬರಹದಲ್ಲೇ ಇರಬೇಕು. ‘ಹೆಸರು ಗುಟ್ಟಾಗಿಡುತ್ತೇವೆ’ ಎಂಬ ಭರವಸೆಯೂ ಎಲ್ಲ ಕಡೆ ನಡೆಯದು. ತರಗತಿಯಲ್ಲಿ ಮಿಜೋರಾಮಿನವಳು ಒಬ್ಬಳೇ ಇದ್ದರೆ ಹೆಸರು ಮುಚ್ಚಿಟ್ಟು ಏನು ಪ್ರಯೋಜನ? ಅಲ್ಲಿ ಒಬ್ಬನನ್ನು ಕರೆಸುವ ಬದಲು ಇಡೀ ತರಗತಿಗೆ ನಿಯಮ ಓದಿ ಹೇಳುವುದೇ ಮೊದಲ ಹೆಜ್ಜೆಯಾಗಬೇಕು, ಅದೂ ಅವಳನ್ನು ಕೇಳಿಯೇ.

ಬಾಯಿಮಾತಿನಲ್ಲಿ ಮುಗಿಸಬಾರದ ಸಂಗತಿಗಳೂ ಇವೆ. ಹೊಡೆತ, ಬೆದರಿಕೆ, ಲೈಂಗಿಕ ಕಿರುಕುಳ ಇದ್ದರೆ ಈ ಘಟಕ ಅದರ ಜಾಗವಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗೆ ಈ ಎರಡಕ್ಕೂ ಸೇರದವರು ನಾಲ್ಕು ಜನರ ಎದುರು ಜಾತಿ ಹಿಡಿದು ಬೈದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ‘ಮೊದಲು ಕಾಲೇಜಿನ ವಿಚಾರಣೆ ಮುಗಿಯಲಿ’ ಎಂದು ಯಾರಾದರೂ ತಡೆದರೆ ಕೇಳಬೇಡಿ. ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರ ತಿದ್ದುಪಡಿಯೇ ಹೇಳಿದೆ. ಬೈದದ್ದು ಸಾರ್ವಜನಿಕರ ದೃಷ್ಟಿಗೆ ಬೀಳುವ ಜಾಗದಲ್ಲಿ ಎಂಬುದು ಈ ಕಾಯ್ದೆಯ ಜಾತಿನಿಂದನೆಯ ಕಲಮುಗಳಲ್ಲಿ ಮುಖ್ಯವಾದ್ದರಿಂದ, ಮೆಸ್ಸಿನಲ್ಲೋ ಕಾರಿಡಾರಿನಲ್ಲೋ ಕೇಳಿಸಿಕೊಂಡವರ ಹೆಸರು ಅದೇ ದಿನ ಬರೆದಿಡಬೇಕು. ಸಲಹೆಗೆ, ದೂರಿಗೆ 14566 ಉಚಿತ ಸಹಾಯವಾಣಿ ಇದೆ.

ಪರಿಶಿಷ್ಟರ ಪಟ್ಟಿಯಲ್ಲಿಲ್ಲದವರಿಗೆ ದಾರಿಯೇ ಇಲ್ಲವೆಂದಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ರ‍್ಯಾಗಿಂಗ್ ತಡೆ ನಿಯಮ 2009ರದು. 2016ರ ತಿದ್ದುಪಡಿಯಿಂದ ಬಣ್ಣ, ಜನಾಂಗ, ಧರ್ಮ, ಜಾತಿ, ಭಾಷೆ, ಹುಟ್ಟೂರು, ಪ್ರದೇಶ ಹಿಡಿದು ನಡೆಸುವ ದೈಹಿಕ, ಮಾನಸಿಕ ಹಿಂಸೆಯೂ ರ‍್ಯಾಗಿಂಗ್ ಎನಿಸಿದೆ. ಹೊಸಬರಿಗೆ ಸೀನಿಯರ್ ಮಾಡಿದ್ದಷ್ಟೇ ಅಲ್ಲ, ಸಹಪಾಠಿ ಮಾಡಿದ್ದೂ ಸೇರುತ್ತದೆ. ಘಟಕದವರಲ್ಲೇ ಕೆಲವರಿಗೆ ಇದು ತಿಳಿದಿಲ್ಲವೆಂಬುದು ಬೇಸರದ ಸಂಗತಿ. ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಭಾಷೆಯ ಅಣಕಕ್ಕೆ, ‘ಬಾಂಗ್ಲಾ’ ಎಂಬ ಕರೆಗೆ ಇದೇ ಸರಿಯಾದ ಬಾಗಿಲು.

ವಾಟ್ಸ್ಯಾಪ್ ಪುರಾವೆಯಲ್ಲಿ ತಪ್ಪುವುದು ಹೆಚ್ಚು. ಬೈದ ಸಾಲನ್ನಷ್ಟೇ ಕತ್ತರಿಸಿದ ಸ್ಕ್ರೀನ್‌ಶಾಟ್ ನಿಲ್ಲುವುದಿಲ್ಲ. ಗ್ರೂಪಿನ ಹೆಸರು, ಕಳಿಸಿದವರ ನಂಬರು, ದಿನಾಂಕ, ಹಿಂದುಮುಂದಿನ ಮಾತು ಕಾಣಬೇಕು. ಚಾಟ್ ಎಕ್ಸ್‌ಪೋರ್ಟ್ ಮಾಡಿ ಈಮೇಲ್‌ಗೆ ಕಳಿಸಿಕೊಳ್ಳಿ, ಮೂಲ ಚಾಟನ್ನು ಮೊಬೈಲಿನಿಂದ ಅಳಿಸಬೇಡಿ. ಸಿಟ್ಟಿನಲ್ಲಿ ತಿರುಗಿ ಬೈದಿದ್ದರೆ ಅದನ್ನೂ ಮುಚ್ಚಿಡದೆ ತೋರಿಸುವುದು ಒಳ್ಳೆಯದು.

ಐದಕ್ಕೆ ಮೂರು ಅಂಕ. ಕೇಳುವ ರೀತಿಗೆ ಪೂರ್ತಿ ಕೊಡಬಹುದು; ಹಾಸ್ಟೆಲ್ ವಿಷಯಕ್ಕೆ, ಆಮೇಲೆ ವಿಚಾರಿಸಿಕೊಳ್ಳದ್ದಕ್ಕೆ ಕಳೆಯಲೇಬೇಕು. ಕ್ಷಮೆ ಕೇಳಿಸಿದ ಮೇಲೆ ಕಾಟ ನಿಂತಿತೇ ಎಂದು ಘಟಕ ತಾನಾಗಿ ಕೇಳುವುದಿಲ್ಲ. ಎರಡು ವಾರದ ನಂತರ ಒಮ್ಮೆ, ಮತ್ತೆ ಸೆಮಿಸ್ಟರ್ ಮುಗಿಯುವ ಮೊದಲು ಒಮ್ಮೆ ಫೋನ್ ಮಾಡಿದರೂ ಸಾಕಿತ್ತು.

ಹೋಗುವವರು ನಕಲು ಕೇಳದೆ ಎದ್ದು ಬರಬೇಡಿ. ‘ರಾಜಿಯಾಗಿದೆ, ಮುಂದೆ ದೂರಿಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಬೇಡಿ. ‘ಮರುಕಳಿಸಿದರೆ ಲಿಖಿತ ದೂರು ಕೊಡುವೆ’ ಎಂಬ ಸಾಲನ್ನು ಘಟಕದವರು ಬರೆದುಕೊಳ್ಳುವ ಹಾಳೆಯಲ್ಲಿ ಸೇರಿಸಿ. ಮರುಕಳಿಸಿದರೆ ಅದೇ ನಕಲನ್ನು ಲಗತ್ತಿಸಿ ಲಿಖಿತ ದೂರು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಯುಜಿಸಿಯ 2012ರ ಸಮಾನತೆ ನಿಯಮದಲ್ಲಿ ತಾರತಮ್ಯದ ದೂರಿನ ತೀರ್ಮಾನಕ್ಕಿರುವ 60 ದಿನದ ಗಡುವು ಎಣಿಸಲು ಆ ಮೊಹರು ಬೇಕಾಗುತ್ತದೆ.