ಕಾಂಡಿನ್ಸ್ಕಿಯ ‘ಕನ್ಸರ್ಟ್’: ಲೆನ್‌ಬಾಖ್‌ಹೌಸ್‌ಗೆ ಹೋಗೋ ಮುಂಚೆ ಸಂಗೀತ ಕೇಳಿಕೊಳ್ಳಿ

ಮ್ಯೂನಿಕ್‌ನಲ್ಲಿರುವ ಕನ್ನಡದವರು, ಟೂರ್‌ಗೆ ಅಂತ ಆ ಕಡೆ ಹೋಗುವವರು, ಲೆನ್‌ಬಾಖ್‌ಹೌಸ್ ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. ಕೋನಿಗ್ಸ್‌ಪ್ಲಾಟ್ಸ್ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಸೋಮವಾರ ರಜೆ. ನಾನು ಹೋಗಿದ್ದು ಒಂದೇ ಚಿತ್ರಕ್ಕಾಗಿ: ರಷ್ಯಾದ ವಾಸಿಲಿ ಕಾಂಡಿನ್ಸ್ಕಿ ಬರೆದ ‘ಇಂಪ್ರೆಷನ್ 3 (ಕನ್ಸರ್ಟ್)’.

ಚಿತ್ರ ದೊಡ್ಡದೇನಲ್ಲ, ಅಗಲ ಸುಮಾರು ಒಂದು ಮೀಟರ್. ಆದರೂ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಹಳದಿ ಬಣ್ಣ ಅಷ್ಟು ಜೋರಾಗಿದೆ. ಮೇಲ್ಗಡೆ ಒಂದು ದೊಡ್ಡ ಕಪ್ಪು ಆಕಾರ, ಕೆಳಗೆ ಎಡಕ್ಕೆ ಬಾಗಿದ ಬಣ್ಣದ ಗುಂಪು, ನಡುವೆ ಬಿಳಿ ಪಟ್ಟೆಗಳು. ಸುಮ್ನೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಪ್ಪು ಅಂದರೆ ಪಿಯಾನೊ, ಗುಂಪು ಅಂದರೆ ಕೇಳಲು ಬಂದ ಜನ, ಪಟ್ಟೆಗಳು ಸಭಾಂಗಣದ ಕಂಬಗಳು ಅಂತ ತಿಳಿದ ಮೇಲೆ ಇಡೀ ಸಂಗೀತ ಕಛೇರಿಯೇ ಎದುರಿಗೆ ಬರುತ್ತದೆ.

ಆ ಕಛೇರಿ ನಡೆದದ್ದು ಇದೇ ಮ್ಯೂನಿಕ್‌ನಲ್ಲಿ, 1911ರ ಜನವರಿ 2ರಂದು. ಸಂಗೀತ ರಚನೆಕಾರ ಆರ್ನಾಲ್ಡ್ ಷೋನ್‌ಬರ್ಗ್ ಅವರ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಮತ್ತು ಓಪಸ್ 11ರ, ಅಂದರೆ ಅವರ ಕೃತಿಸಂಖ್ಯೆ 11ರ, ಮೂರು ಪಿಯಾನೊ ತುಣುಕುಗಳನ್ನು ಅವತ್ತು ನುಡಿಸಿದರು. ಕಾಂಡಿನ್ಸ್ಕಿ ಗೆಳೆಯರ ಜೊತೆ ಹೋಗಿ ಕೇಳಿದರು, ಅದೇ ತಿಂಗಳು ಈ ಚಿತ್ರ ಬರೆದರು, ಮುಖಪರಿಚಯವೂ ಇಲ್ಲದ ಷೋನ್‌ಬರ್ಗ್‌ಗೆ ತಾವಾಗಿಯೇ ಪತ್ರ ಹಾಕಿದರು, ಅಲ್ಲಿಂದ ಇಬ್ಬರಿಗೂ ಸ್ನೇಹವಾಯಿತು. ಸಂಗೀತದ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. ಸ್ವತಃ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ) ನುಡಿಸುತ್ತಿದ್ದರು. ಮಾಸ್ಕೋದಲ್ಲಿ ವಾಗ್ನರ್ ಅವರ ‘ಲೋಹೆನ್‌ಗ್ರಿನ್’ ಒಪೆರಾ ಕೇಳುವಾಗ ಕಣ್ಣೆದುರು ಬಣ್ಣಗಳು ಕಂಡವು ಅಂತ ಬರೆದುಕೊಂಡಿದ್ದಾರೆ. ಕಾನೂನು ಓದಿ, ಅದರಲ್ಲೇ ಒಳ್ಳೆಯ ಕೆಲಸ ಸಿಗುವುದಿದ್ದರೂ ಬಿಟ್ಟು, ಮೂವತ್ತರ ವಯಸ್ಸಿನಲ್ಲಿ ಚಿತ್ರ ಕಲಿಯಲು ಮ್ಯೂನಿಕ್‌ಗೆ ಬಂದವರು ಅವರು. ಅವರ ಪ್ರಕಾರ ಹಳದಿ ತುತ್ತೂರಿಯ ದನಿ, ಗಾಢ ನೀಲಿ ಚೆಲ್ಲೊ.

ನನ್ನ ಸಲಹೆ ಇಷ್ಟೆ: ಹೊರಡುವ ಮುಂಚೆ ಓಪಸ್ 11 ಕೇಳಿ. ಮೂರೂ ಸೇರಿ ಕಾಲು ಗಂಟೆ ಆಗಬಹುದು. ನಮ್ಮ ಕಿವಿ ತಂಬೂರಿಗೆ ಒಗ್ಗಿದ್ದು, ಷಡ್ಜ ಎಲ್ಲಿದೆ ಅಂತ ಹುಡುಕುತ್ತಲೇ ಇರುತ್ತದೆ ಅಲ್ವಾ? ಇಲ್ಲಿ ನಿಲ್ಲಲು ಷಡ್ಜವೇ ಸಿಗುವುದಿಲ್ಲ. ಮೊದಲ ಸಲ ಕಿರಿಕಿರಿ ಆಗುತ್ತದೆ. ಕ್ವಾರ್ಟೆಟ್ ಸ್ವಲ್ಪ ಸುಲಭ, ಯಾಕೆಂದರೆ ಅದು ಹಳೆಯ ರೀತಿಯಲ್ಲೇ ಶುರುವಾಗಿ ಕೊನೆಯ ಭಾಗದಲ್ಲಿ ಶ್ರುತಿಯ ಹಂಗು ಬಿಡುತ್ತದೆ, ಅಷ್ಟರಲ್ಲಿ ತಂತಿವಾದ್ಯಗಳ ಜೊತೆ ಹೆಣ್ಣುದನಿಯೂ ಸೇರಿರುತ್ತದೆ. ಇದನ್ನು ಕೇಳಿಕೊಂಡು ಹೋದರೆ ಆ ಹಳದಿ ಯಾಕೆ ಯಾವ ಗೆರೆಯೊಳಗೂ ನಿಲ್ಲದೆ ಹರಿದಿದೆ ಅಂತ ತಾನಾಗಿ ಅರ್ಥವಾಗುತ್ತದೆ. ಹೆಡ್‌ಫೋನ್ ತಗೊಂಡು ಹೋಗಿ, ಚಿತ್ರದ ಮುಂದೆಯೇ ಇನ್ನೊಮ್ಮೆ ಕೇಳಿ.

ಉಳಿದ ಕೋಣೆಗಳಲ್ಲೂ ಕಾಂಡಿನ್ಸ್ಕಿ ಚಿತ್ರಗಳು ಜಾಸ್ತಿ ಇವೆ. ಇದಕ್ಕೆಲ್ಲ ಕಾಂಡಿನ್ಸ್ಕಿಯ ಸಂಗಾತಿಯಾಗಿದ್ದ ಚಿತ್ರಕಲಾವಿದೆ ಗೇಬ್ರಿಯೆಲೆ ಮ್ಯೂಂಟರ್‌ಗೆ ಕೈ ಮುಗಿಯಬೇಕು. ಕಾಂಡಿನ್ಸ್ಕಿಯಿಂದ ದೂರವಾದ ಮೇಲೂ, ನಾಜಿಗಳ ಕಾಲದಲ್ಲಿ ಈ ಚಿತ್ರಗಳನ್ನು ಮ್ಯೂನಿಕ್‌ನ ದಕ್ಷಿಣಕ್ಕಿರುವ ಮುರ್ನಾವ್ ಊರಿನ ತಮ್ಮ ಮನೆಯಲ್ಲಿ ಬಚ್ಚಿಟ್ಟು ಉಳಿಸಿದರು. 1957ರಲ್ಲಿ, ಅವರಿಗೆ ಎಂಬತ್ತು ತುಂಬಿದಾಗ, ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಈ ಮ್ಯೂಸಿಯಂಗೆ ಕೊಟ್ಟುಬಿಟ್ಟರು. ಮ್ಯೂಂಟರ್ ಬರೆದ ಚಿತ್ರಗಳೂ ಅಲ್ಲೇ ಇವೆ, ಅವಸರದಲ್ಲಿ ದಾಟಿ ಹೋಗಬೇಡಿ.

ಇನ್ನೊಂದು ಮಾತು. ಆನ್‌ಲೈನ್ ಅಂಗಡಿಯೊಂದರಿಂದ ಈ ಚಿತ್ರದ ಪೋಸ್ಟರ್ ತರಿಸಿದ್ದೆ. ಹಳದಿ ಪೂರ್ತಿ ಮಂಕು, ಕಪ್ಪು ಬೂದಿಯಾಗಿದೆ. ದುಡ್ಡು ದಂಡ. ಚಿತ್ರಗಳನ್ನು ಆಗಾಗ ಬೇರೆ ಊರಿನ ಪ್ರದರ್ಶನಕ್ಕೆ ಕಳಿಸುತ್ತಾರೆ, ಹಾಗಾಗಿ ಟಿಕೆಟ್ ತಗೊಳ್ಳುವ ಮುಂಚೆ ‘ಕನ್ಸರ್ಟ್’ ಅಲ್ಲೇ ಇದೆಯಾ ಅಂತ ಮ್ಯೂಸಿಯಂಗೆ ಒಂದು ಮೇಲ್ ಹಾಕಿ ಕೇಳಿಬಿಡಿ.