ಯುವನಿಧಿ: ಫಾರ್ಮ್ ಸರಳ, ಸಿಕ್ಕು ಬೇರೆ ಕಡೆ

ಪದವಿ ಅಥವಾ ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆಯೇ ಯುವನಿಧಿ. ಅದಕ್ಕೆ ಅರ್ಜಿ ಹಾಕುವ ಸರ್ಕಾರಿ ಜಾಲತಾಣ ಸೇವಾ ಸಿಂಧು ಪೋರ್ಟಲ್‌ನ ಈ ಸೇವೆಗೆ ಐದಕ್ಕೆ ಮೂರು ಅಂಕ. ಇದು ಯೋಜನೆಗೆ ಕೊಟ್ಟ ಅಂಕವಲ್ಲ, ಅರ್ಜಿ ಹಾಕಿದ ಮೇಲೆ ರೊಕ್ಕ ಖಾತೆಗೆ ಬರುವವರೆಗಿನ ದಾರಿಗೆ ಕೊಟ್ಟದ್ದು.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಗರಿಷ್ಠ ಎರಡು ವರ್ಷ, ನಡುವೆ ಕೆಲಸ ಸಿಕ್ಕರೆ ಅಲ್ಲಿಗೆ ಬಂದ್. ಪೂರ್ತಿ ಸಿಕ್ಕರೆ ಪದವೀಧರರಿಗೆ 72,000, ಡಿಪ್ಲೊಮಾದವರಿಗೆ 36,000. ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಖಾನಾವಳಿ ಮತ್ತು ಲೈಬ್ರರಿ ಸೀಟಿನ ಖರ್ಚಿಗೆ ಆಸರೆ. ಆದಾಯ ಪ್ರಮಾಣಪತ್ರ ಕೇಳುವುದಿಲ್ಲ, ಅರ್ಜಿಗೆ ಶುಲ್ಕವೂ ಇಲ್ಲ. ನಾಡಕಚೇರಿ ಮುಂದೆ ಸರತಿ ನಿಲ್ಲಬೇಕಾದ ಕೆಲಸವೇ ಅಲ್ಲ. ನೋಂದಣಿ 2023ರ ಡಿಸೆಂಬರ್ 26ಕ್ಕೆ ಆರಂಭವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ಮೊದಲು 2022-23ರಲ್ಲಿ ಪಾಸಾದವರಿಗಷ್ಟೇ ಇತ್ತು, ಆಮೇಲೆ 2023-24ರ ಬ್ಯಾಚ್ ಕೂಡ ಸೇರಿತು.

ಈಗ ತಕರಾರು. ಅರ್ಜಿಯ ಸ್ಥಿತಿ ‘ಪರಿಶೀಲನೆಯಲ್ಲಿದೆ’ ಎಂದು ತೋರಿಸಿ ಸುಮ್ಮನಾಗುವುದು ಈ ಸೇವೆಯ ದೊಡ್ಡ ದೋಷ. ಎಲ್ಲಿ ನಿಂತಿದೆ, ಯಾರ ಹತ್ತಿರ ನಿಂತಿದೆ ಎಂದು ಹೇಳುವುದಿಲ್ಲ. ಹೀಗಾಗಿ ಜನ ಮತ್ತೆ ಮತ್ತೆ ಸೈಬರ್ ಸೆಂಟರ್‌ಗೆ ಹೋಗಿ ಫಾರ್ಮನ್ನೇ ತಿರುವಿ ಹಾಕುತ್ತಾರೆ. ಆದರೆ ಸಿಕ್ಕು ಬಹುಪಾಲು ಫಾರ್ಮಿನಲ್ಲಿ ಇರುವುದೇ ಇಲ್ಲ. ವಿಶ್ವವಿದ್ಯಾಲಯದ ದಾಖಲೆ, ಆಧಾರ್, ಬ್ಯಾಂಕಿನ ಸೀಡಿಂಗ್ (ಸರ್ಕಾರದ ರೊಕ್ಕ ಬರಬೇಕಾದ ಬ್ಯಾಂಕನ್ನು ಆಧಾರ್‌ಗೆ ಗೊತ್ತುಪಡಿಸುವುದು), ಈ ಮೂರರಲ್ಲಿ ಒಂದು ಕಡೆ ಇರುತ್ತದೆ. ಮೂರೂ ಫಾರ್ಮಿನ ಹೊರಗಿನವು, ಮೂರಕ್ಕೂ ಬೇರೆ ಬೇರೆ ಬಾಗಿಲು.

ವಿಶ್ವವಿದ್ಯಾಲಯದಿಂದ ಶುರು ಮಾಡಿ. ನೀವು ಪದವಿ ಪಾಸಾದದ್ದು ಹೌದೇ ಎಂದು ಪೋರ್ಟಲ್ ನಿಮ್ಮ ಮಾರ್ಕ್ಸ್ ಕಾರ್ಡಿನ ಫೋಟೋ ನೋಡಿ ತೀರ್ಮಾನಿಸುವುದಿಲ್ಲ. ‘ನ್ಯಾಡ್’ ಎಂಬ ರಾಷ್ಟ್ರೀಯ ಶೈಕ್ಷಣಿಕ ಭಂಡಾರದಲ್ಲಿ ವಿಶ್ವವಿದ್ಯಾಲಯ ಹಾಕಿಟ್ಟ ದಾಖಲೆಯನ್ನು ಎಳೆದುಕೊಳ್ಳುತ್ತದೆ. ಅಲ್ಲಿ ದಾಖಲೆ ಇಲ್ಲದಿದ್ದರೆ ನಿಮ್ಮ ಕೈಯಲ್ಲಿ ಚಿನ್ನದ ಪದಕ ಇದ್ದರೂ ಪೋರ್ಟಲ್‌ಗೆ ನೀವು ಪಾಸಾಗಿಲ್ಲ. ಇದನ್ನು ಅರ್ಜಿ ಹಾಕುವ ಮೊದಲೇ ಪರೀಕ್ಷಿಸಿಕೊಳ್ಳಬಹುದು. ಇದೇ ಭಂಡಾರದ ದಾಖಲೆ ತೋರಿಸುವ ಡಿಜಿಲಾಕರ್ ಆಪ್ ಮೊಬೈಲ್‌ನಲ್ಲಿ ತೆರೆಯಿರಿ, ನಿಮ್ಮ ವಿಶ್ವವಿದ್ಯಾಲಯ ಹುಡುಕಿ, ನೋಂದಣಿ ಸಂಖ್ಯೆ ಮತ್ತು ವರ್ಷ ಕೊಟ್ಟು ಅಂತಿಮ ವರ್ಷದ ಅಂಕಪಟ್ಟಿ ಕೇಳಿ. ಅಲ್ಲಿ ಬಂತೆಂದರೆ ಈ ಬಾಗಿಲು ತೆರೆದಿದೆ ಎಂದೇ ಅರ್ಥ. ಬರಲಿಲ್ಲವೆಂದರೆ ಸೇವಾ ಸಿಂಧುವಿನಲ್ಲಿ ಎಷ್ಟು ಸಲ ಸಬ್ಮಿಟ್ ಒತ್ತಿದರೂ ವ್ಯರ್ಥ, ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೇ ಹೋಗಬೇಕು.

ಯಾವ ವಿಶ್ವವಿದ್ಯಾಲಯ ಎಂಬಲ್ಲೂ ನಮ್ಮ ಕಡೆ ಗೊಂದಲವಿದೆ. ಗದಗ, ಹಾವೇರಿ ಜಿಲ್ಲೆಯ ಕಾಲೇಜುಗಳಲ್ಲಿ ಓದಿದವರ ಪದವಿ ಬಹಳ ವರ್ಷ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೇ. ಹಾವೇರಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು ಇತ್ತೀಚೆಗೆ. ಆದ್ದರಿಂದ ಕಾಲೇಜಿನ ಗೇಟಿನ ಮೇಲೆ ಇವತ್ತು ಯಾವ ಬೋರ್ಡ್ ಇದೆ ಎಂದು ನೋಡಿ ಆರಿಸಬೇಡಿ, ಅಂಕಪಟ್ಟಿಯ ನೆತ್ತಿಯ ಮೇಲೆ ಯಾವ ಹೆಸರಿದೆಯೋ ಅದನ್ನೇ ಆರಿಸಿ. ಎಂಜಿನಿಯರಿಂಗ್‌ನವರಿಗೂ ಇದೇ ಮಾತು: ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವೇ ಬೇರೆ, ಬೆಳಗಾವಿಯ ವಿಟಿಯು ಬೇರೆ. ನೋಂದಣಿ ಸಂಖ್ಯೆ ಟೈಪ್ ಮಾಡುವಾಗಲೂ ಅವಸರ ಬೇಡ. ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಗೆ ರಾಜ್ಯ ತಂದ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ನಂತರದ ಬ್ಯಾಚ್‌ಗಳ ಸಂಖ್ಯೆಯಲ್ಲಿ ಅಕ್ಷರ, ಅಂಕಿ ಕಲಸಿಕೊಂಡಿವೆ. ಸೊನ್ನೆಯ ಜಾಗದಲ್ಲಿ ‘ಓ’ ಬಿದ್ದರೆ ದಾಖಲೆ ಸಿಗುವುದಿಲ್ಲ, ಯಾಕೆ ಸಿಗಲಿಲ್ಲ ಎಂದೂ ಪರದೆ ಹೇಳುವುದಿಲ್ಲ.

ಎರಡನೆಯದು ಆಧಾರ್. ಉತ್ತರ ಕರ್ನಾಟಕದವರನ್ನು ಇದು ಹೆಚ್ಚು ಕಾಡುತ್ತದೆ, ಕಾರಣ ನಮ್ಮ ಅಡ್ಡಹೆಸರು. ಶಾಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ. ಒಂದು ಕಡೆ ಅಪ್ಪನ ಹೆಸರು ಪೂರ್ತಿ, ಇನ್ನೊಂದು ಕಡೆ ಬರೀ ಇನಿಶಿಯಲ್. ಇಂಗ್ಲಿಷ್‌ನಲ್ಲಿ ಬರೆಯುವಾಗ ಬಸವರಾಜನ ಕೊನೆಗೆ ‘ಎ’ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಮನುಷ್ಯರಿಗೆ ಇದು ಒಂದೇ ಹೆಸರು, ಕಂಪ್ಯೂಟರ್‌ಗೆ ಇಬ್ಬರು ಬೇರೆ ಬೇರೆ ಜನ. ಸರಿಪಡಿಸುವಾಗ ಸಾಮಾನ್ಯವಾಗಿ ಆಧಾರ್ ಕಡೆ ಬದಲಿಸುವುದು ಜಾಣತನ, ಯಾಕೆಂದರೆ ವಿಶ್ವವಿದ್ಯಾಲಯದ ಹೆಸರು ಎಸ್ಎಸ್ಎಲ್‌ಸಿ ದಾಖಲೆಯ ಬೆನ್ನಿಗೆ ಬಂದದ್ದು, ಅದನ್ನು ಅಲುಗಾಡಿಸಿದರೆ ಕೆಳಗಿನಿಂದ ಮೇಲಿನವರೆಗೆ ಎಲ್ಲವನ್ನೂ ಅಲುಗಾಡಿಸಬೇಕು. ಆದರೆ ಎಚ್ಚರ: ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಎಸ್ಎಸ್ಎಲ್‌ಸಿ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ಬರೆಸಿ. 2025ರ ಅಕ್ಟೋಬರ್ 1ರಿಂದ ಕೇಂದ್ರದಲ್ಲಿ ಹೆಸರು, ವಿಳಾಸದಂಥ ತಿದ್ದುಪಡಿಗೆ ಶುಲ್ಕ 75 ರೂಪಾಯಿ. ಅದಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಕೇಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲಿದೆಯೇ ಎಂದೂ ಅಲ್ಲೇ ಖಚಿತ ಮಾಡಿಕೊಳ್ಳಿ. ಹಳೆಯ ಸಿಮ್ ಬಿಸಾಕಿದವರಿಗೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಮೂರನೆಯದು ಬ್ಯಾಂಕು. ‘ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅಲ್ಲಿಗೇ ಬಿಡಬೇಡಿ. ಲಿಂಕ್ ಬೇರೆ, ಸೀಡಿಂಗ್ ಬೇರೆ. ನಿಮ್ಮ ಆಧಾರ್ ನಾಲ್ಕು ಖಾತೆಗೆ ಲಿಂಕ್ ಆಗಿರಬಹುದು, ಆದರೆ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಮ್ಯಾಪರ್ ಎಂಬ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ, ಕೊನೆಗೆ ಸೀಡಿಂಗ್ ಆದ ಬ್ಯಾಂಕು. ಸರ್ಕಾರದ ಡಿಬಿಟಿ, ಅಂದರೆ ನೇರ ನಗದು ವರ್ಗಾವಣೆಯ ರೊಕ್ಕ ಹೋಗುವುದು ಅಲ್ಲಿಗೇ. ಸಿಮ್ ತೆಗೆದುಕೊಳ್ಳುವಾಗಲೋ ಆಪ್ ಹಾಕಿಕೊಳ್ಳುವಾಗಲೋ ಅರಿವಿಲ್ಲದೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದವರ ರೊಕ್ಕ ಆ ಕಡೆ ಹೋಗಿ ಕೂತಿರಬಹುದು, ಇವರು ಇಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತ ನಿಂತಿರುತ್ತಾರೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಬ್ಯಾಂಕಿನ ಹೆಸರು ಮತ್ತು ಸ್ಥಿತಿ ಎರಡೂ ಕಾಣುತ್ತವೆ. ‘ಇನ್‌ಆಕ್ಟಿವ್’ ಎಂದಿದ್ದರೆ ಶಾಖೆಗೆ ಹೋಗಿ ಡಿಬಿಟಿಗಾಗಿ ಸೀಡಿಂಗ್ ಒಪ್ಪಿಗೆ ಪತ್ರ ತುಂಬಿಕೊಡಿ. ಕೌಂಟರ್‌ನಲ್ಲಿ ‘ಲಿಂಕ್ ಮಾಡ್ರಿ’ ಎನ್ನಬೇಡಿ, ‘ಎನ್‌ಪಿಸಿಐ ಸೀಡಿಂಗ್ ಮಾಡ್ರಿ’ ಎನ್ನಿ. ಒಂದು ಶಬ್ದದಿಂದ ಕೆಲಸವೇ ಬೇರೆಯಾಗುತ್ತದೆ.

ಧಾರವಾಡದಲ್ಲಿ ಮುಖ್ಯ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿದೆ. ಹಳ್ಳಿ ಕಡೆಯ ಬಹಳಷ್ಟು ಹುಡುಗ ಹುಡುಗಿಯರ ಸ್ಕಾಲರ್‌ಶಿಪ್ ಖಾತೆಗಳು ಅಲ್ಲಿಯವೇ. ವಿಲೀನದ ನಂತರ ಸೀಡಿಂಗ್ ಸ್ಥಿತಿ ನೋಡದಿದ್ದವರು ಈಗಲಾದರೂ ನೋಡಿ. ಇನ್ನೊಂದು ಮಾತು: ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಮೈನರ್ ಆಗಿದ್ದಾಗ ತೆರೆದ ಖಾತೆಗೆ 18 ತುಂಬಿದ ಮೇಲೆ ಹೊಸ ಕೆವೈಸಿ ಬೇಕು. ನೂರು ರೂಪಾಯಿ ಹಾಕಿ ತೆಗೆದು ಖಾತೆಗೆ ಜೀವ ಇದೆಯೇ ನೋಡಿಕೊಳ್ಳಿ.

ರೊಕ್ಕ ಹೋಗಿದೆಯೋ ಇಲ್ಲವೋ ತಿಳಿಯಲು ‘ಡಿಬಿಟಿ ಕರ್ನಾಟಕ’ ಆಪ್ ಈ ಇಡೀ ವ್ಯವಸ್ಥೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಭಾಗ. ಯಾವ ಯೋಜನೆ, ಯಾವ ದಿನ, ಎಷ್ಟು, ಯಾವ ಬ್ಯಾಂಕ್, ಆ ಪಾವತಿಯನ್ನು ಗುರುತಿಸುವ ಯುಟಿಆರ್ ಸಂಖ್ಯೆ, ಎಲ್ಲ ಇರುತ್ತದೆ. ಇಲ್ಲಿ ಪಾವತಿ ಕಾಣಿಸಿದರೆ ಜಗಳ ಬ್ಯಾಂಕಿನ ಜೊತೆ. ಕಾಣಿಸದಿದ್ದರೆ ಬ್ಯಾಂಕಿನವರನ್ನು ಬೈದು ಪ್ರಯೋಜನವಿಲ್ಲ.

ಅರ್ಹತೆಯಲ್ಲಿ ಮುಗ್ಗರಿಸುವ ಜಾಗಗಳೂ ಇವೆ. ಪಾಸಾದ ಮೇಲೆ 180 ದಿನ ಕೆಲಸವಿಲ್ಲದೆ ಕಳೆದಿರಬೇಕು, ಅದಕ್ಕೂ ಮೊದಲು ಹಾಕಿದ ಅರ್ಜಿ ನಿಲ್ಲುವುದಿಲ್ಲ. ಮುಂದೆ ಓದುತ್ತಿರುವವರಿಗೆ ಇದು ಇಲ್ಲ, ಎಂಎ ಅಥವಾ ಬಿಎಡ್‌ಗೆ ಪ್ರವೇಶ ಪಡೆದರೆ ಅರ್ಹತೆ ಹೋಯಿತು. ಕೋಚಿಂಗ್ ಕ್ಲಾಸು ಪದವಿಯ ಪ್ರವೇಶವಲ್ಲ, ಆ ಭಯ ಬೇಡ. ಧಾರವಾಡದ ಬೇಲೂರು ಅಥವಾ ಹುಬ್ಬಳ್ಳಿಯ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಸ್ಟೈಪೆಂಡ್ ಪಡೆಯುವ ಅಪ್ರೆಂಟಿಸ್‌ಗಳಿಗೂ ಇಲ್ಲ. ನಡುವೆ ಎರಡು ತಿಂಗಳು ಗುತ್ತಿಗೆದಾರನ ಕೈಕೆಳಗೆ ದುಡಿದು ಬಿಟ್ಟವರು ತಮ್ಮ ಪಿಎಫ್ ಖಾತೆಯನ್ನು ನೋಡಬೇಕು. ಬಿಟ್ಟ ದಿನಾಂಕ ದಾಖಲಾಗದಿದ್ದರೆ ಕಾಗದದ ಮೇಲೆ ನೀವಿನ್ನೂ ನೌಕರರು. ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದರೆ ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ ಆಧಾರ್ ಒಟಿಪಿಯಿಂದ ನೀವೇ ದಾಖಲಿಸಬಹುದು, ಗುತ್ತಿಗೆದಾರನ ಬೆನ್ನು ಹತ್ತಬೇಕಿಲ್ಲ.

ಎಲ್ಲ ಸರಿಯಾಗಿ ಒಂದೆರಡು ಕಂತು ಬಂದು ಆಮೇಲೆ ನಿಂತಿದೆಯೇ? ಹೆಚ್ಚಾಗಿ ಸ್ವಯಂ ಘೋಷಣೆ ಬಿಟ್ಟಿರುತ್ತೀರಿ. ‘ನನಗಿನ್ನೂ ಕೆಲಸವಿಲ್ಲ, ಓದುತ್ತಿಲ್ಲ’ ಎಂದು ಪೋರ್ಟಲ್‌ಗೆ ಆಗಾಗ ಹೇಳುತ್ತಿರಬೇಕು. ಯೋಜನೆ ಶುರುವಾದಾಗ ಇದು ಪ್ರತಿ ತಿಂಗಳು 25ನೇ ತಾರೀಖಿನೊಳಗೆ ಇತ್ತು. ಲಾಗಿನ್ ಆದಾಗ ನಿಮ್ಮ ಹೆಸರಿನಲ್ಲಿ ಯಾವ ಅವಧಿಯ ಘೋಷಣೆ ಬಾಕಿ ಎಂದು ತೋರಿಸುತ್ತದೆಯೋ ಅದನ್ನು ಮುಗಿಸಿ, ಸ್ವೀಕೃತಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೊನೆಯ ದಿನದವರೆಗೆ ಕಾಯಬೇಡಿ, ಅವತ್ತು ಎಲ್ಲರೂ ಒಟ್ಟಿಗೇ ಬಂದಿರುತ್ತಾರೆ. ನೆನಪೋಲೆ ಕಳಿಸುವ ಜವಾಬ್ದಾರಿಯನ್ನು ಈ ಸೇವೆ ಇನ್ನೂ ಗಟ್ಟಿಯಾಗಿ ಹೊತ್ತುಕೊಳ್ಳಬೇಕಿತ್ತು. ನಾನು ಕಡಿದ ಎರಡು ಅಂಕದಲ್ಲಿ ಒಂದು ಇದಕ್ಕೇ.

ದೂರು ಕೊಡುವಾಗ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಮೊದಲು ಹೋಗಿ, ಆಗದಿದ್ದರೆ ರಾಜ್ಯ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೆ ಕರೆ ಮಾಡಿ. ‘ನನ್ನ ರೊಕ್ಕ ಬಂದಿಲ್ಲ’ ಎಂದಷ್ಟೇ ಬರೆದ ದೂರು ಮೇಜಿನಿಂದ ಮೇಜಿಗೆ ತಿರುಗುತ್ತದೆ. ಅರ್ಜಿ ಸಂಖ್ಯೆ, ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಇದೆ ಎಂಬ ಮಾತು, ಸೀಡಿಂಗ್ ಸಕ್ರಿಯವಾಗಿರುವ ಬ್ಯಾಂಕಿನ ಹೆಸರು, ಕೊನೆಯ ಘೋಷಣೆಯ ದಿನಾಂಕ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಕೊಟ್ಟರೆ ಎದುರಿನವರಿಗೆ ನಿಮ್ಮನ್ನು ಬೇರೆ ಕಚೇರಿಗೆ ಕಳಿಸಲು ನೆಪ ಉಳಿಯುವುದಿಲ್ಲ.