ಮಡಿಕೇರಿಯಲ್ಲಿ ಸಿಗುವ ಲ್ಯಾಟಿನ್ ಚಾರ್ಟು: ದೀರ್ಘ ಸರಿ, ಮೂಲ ತಪ್ಪು

ರೂಪ ಕರ್ಮಣಿ, ಅರ್ಥ ಕರ್ತರಿ. ಲ್ಯಾಟಿನ್‌ನಲ್ಲಿ ಇಂಥ ಕ್ರಿಯಾಪದಕ್ಕೆ ಡಿಪೋನೆಂಟ್ ಎನ್ನುತ್ತಾರೆ. ಅವಕ್ಕೆಂದೇ ಕನ್ನಡ ಲಿಪಿಯಲ್ಲಿ ಅಚ್ಚಾದ ಗೋಡೆ ಚಾರ್ಟೊಂದು ಮಡಿಕೇರಿಯ ಸ್ಟೇಷನರಿ ಅಂಗಡಿಯೊಂದರಲ್ಲಿ ಸಿಗುತ್ತಿದೆ. ಮಾದರಿ ಪದ ‘ಹಿಂಬಾಲಿಸು’: ಸೆಕ್ವೊರ್ (ಹಿಂಬಾಲಿಸುತ್ತೇನೆ), ಸೆಕ್ವೀ (ಹಿಂಬಾಲಿಸಲು), ಸೆಕೂತುಸ್ ಸುಮ್ (ಹಿಂಬಾಲಿಸಿದೆನು).

ಕೊಳ್ಳಲು ಮುಖ್ಯ ಕಾರಣ ಲಿಪಿಯೇ. ‘ನೀನು ಹಿಂಬಾಲಿಸುತ್ತೀಯೆ’ ಎಂಬುದಕ್ಕೆ ಸೆಕ್ವೆರಿಸ್, ‘ಹಿಂಬಾಲಿಸುವೆ’ ಎಂಬ ಭವಿಷ್ಯತ್ತಿಗೆ ಸೆಕ್ವೇರಿಸ್. ದೀರ್ಘದ ಗೆರೆಯಿಲ್ಲದ ರೋಮನ್ ಅಚ್ಚಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಲಿಯುವವರು ಎಡವುವುದು ಅಲ್ಲೇ. ನಮ್ಮ ವೆ–ವೇ ಆ ಗೊಂದಲವನ್ನು ಕಣ್ಣಿಗೇ ಬಿಡಿಸಿ ತೋರಿಸುತ್ತದೆ. ವರ್ತಮಾನದ ಉಳಿದ ರೂಪಗಳೂ ಸರಿಯಾಗಿವೆ: ಸೆಕ್ವಿತುರ್, ಸೆಕ್ವಿಮುರ್, ಸೆಕ್ವಿಮಿನೀ, ಸೆಕ್ವುಂತುರ್. ‘ಹಿಂಬಾಲಿಸು!’ ಎಂಬ ಆಜ್ಞೆ ಸೆಕ್ವೆರೆ. ಅದನ್ನು ‘ಹಿಂಬಾಲಿಸಲು’ ಎಂದು ಓದಿಬಿಡುವವರೇ ಹೆಚ್ಚು. ಅದಕ್ಕೆ ಸೆಕ್ವೀ ಬೇಕು. ಇದನ್ನು ಕೆಂಪು ಅಕ್ಷರದಲ್ಲಿ ಎಚ್ಚರಿಸಿರುವುದು ಒಳ್ಳೆಯ ಕೆಲಸ.

ಭೂತಕಾಲದಲ್ಲಿ ಲಿಂಗ ಮರೆಯಬಾರದು. ಅವನಾದರೆ ಸೆಕೂತುಸ್ ಎಸ್ತ್, ಅವಳಾದರೆ ಸೆಕೂತ ಎಸ್ತ್. ಅರ್ಥ ‘ಹಿಂಬಾಲಿಸಿದಳು’, ‘ಹಿಂಬಾಲಿಸಲ್ಪಟ್ಟಳು’ ಅಲ್ಲವೇ ಅಲ್ಲ.

ಊರಿನ ಉದಾಹರಣೆಯಾಗಿ ಕಾವೇರಿ ಹುಟ್ಟುವ ವಾಕ್ಯವಿದೆ. ಆರಿಸಿದ ಪದ ಒರಿಯೊರ್ (ಹುಟ್ಟು) ಚೆನ್ನ: ರೈನ್ ನದಿಯ ಹುಟ್ಟಿಗೆ ಸೀಸರ್ ಬಳಸಿದ್ದೂ ಅದನ್ನೇ. ಆದರೆ ಒರೀತುರ್ ಎಂದು ಅಚ್ಚಾಗಿದೆ, ಅದು ಒರಿತುರ್ ಆಗಬೇಕು. ‘ಹುಟ್ಟಲು’ ಎಂಬ ಒರೀರೀ ರೂಪ ನೋಡಿ ಇದನ್ನು ಪೂರಾ ನಾಲ್ಕನೇ ಗಣಕ್ಕೆ (ಲ್ಯಾಟಿನ್ ಕ್ರಿಯಾಪದಗಳ ನಾಲ್ಕನೇ ಗುಂಪಿಗೆ) ಸೇರಿಸಿದ್ದರಿಂದ ಆದ ತಪ್ಪು. ವರ್ತಮಾನದಲ್ಲಿ ಈ ಪದ ಮೂರನೇ ಗಣದ ಹ್ರಸ್ವವನ್ನೇ ಹಿಡಿಯುತ್ತದೆ. ಪೆನ್ನಿನಲ್ಲಿ ತಿದ್ದಿಕೊಳ್ಳಿ.

ದೊಡ್ಡ ಕೊರತೆ ಮೂಲದ ವಿವರಣೆಯಲ್ಲಿ. ‘ಕೆಳಗಿಡು’ ಎಂಬ ಧಾತುವಿನಿಂದ ಡಿಪೋನೆಂಟ್ ಹೆಸರು ಬಂತು ಎಂಬುದು ನಿಜ. ಅದನ್ನೇ ನೆಚ್ಚಿಕೊಂಡು, ಈ ಕ್ರಿಯಾಪದಗಳು ತಮ್ಮ ಕರ್ಮಣಿ ಅರ್ಥವನ್ನು ಕಳೆದುಕೊಂಡವು ಎಂದು ಚಾರ್ಟು ಹೇಳುತ್ತದೆ. ಹಾಗಲ್ಲ. ಇವು ಕ್ರಿಯೆಯ ಫಲ ಮಾಡುವವರಿಗೇ ತಟ್ಟುವ ಹಳೆಯ ಮಧ್ಯಮ ಪ್ರಯೋಗದ ವಾರಸುದಾರರು, ಸಂಸ್ಕೃತದ ಆತ್ಮನೇಪದದ ಒಡಹುಟ್ಟು. ಸೆಕ್ವೊರ್ ಪಕ್ಕ ಸಚತೇ, ‘ಸಾಯು’ ಎಂಬ ಮೊರಿಯೊರ್ ಪಕ್ಕ ಮ್ರಿಯತೇ, ‘ಹುಟ್ಟು’ ಎಂಬ ನಾಸ್ಕೊರ್ ಪಕ್ಕ ಜಾಯತೇ ಇಟ್ಟು ನೋಡಿ: ಮೂರೂ ಸಂಸ್ಕೃತದಲ್ಲಿ ಆತ್ಮನೇಪದಿಗಳೇ. ಶಾಲೆಯಲ್ಲಿ ಲಭತೇ, ವಂದತೇ ಕಲಿತವರಿಗೆ ಈ ಒಂದು ಸಾಲು ಸಾಕಿತ್ತು.

ಊತೊರ್ (ಬಳಸು) ಪಂಚಮಿ ವಿಭಕ್ತಿ ಬೇಡುತ್ತದೆ ಎಂಬುದನ್ನೂ ಬಿಟ್ಟಿದ್ದಾರೆ. ನಾವು ಕತ್ತಿಯನ್ನು ಬಳಸುತ್ತೇವೆ, ಲ್ಯಾಟಿನ್‌ನವರು ‘ಕತ್ತಿಯಿಂದ’. ಫ್ರುವೊರ್ (ಅನುಭವಿಸು), ಫುಂಗೊರ್ (ನಿರ್ವಹಿಸು), ಪೊತಿಯೊರ್ (ವಶಪಡಿಸಿಕೊ), ವೆಸ್ಕೊರ್ (ತಿನ್ನು) ಕೂಡ ಹಾಗೆಯೇ, ಅಂಚಿನಲ್ಲಿ ಬರೆದುಕೊಳ್ಳಿ.

ಕಾಗದ ತೆಳು. ಜೂನ್ ಮಳೆಗೆ ಗೋಡೆಯ ತೇವ ಹೀರಿ ಸುರುಳಿಯಾಗುತ್ತದೆ. ತಿದ್ದುಪಡಿ ಮುಗಿಸಿ, ಶಾಯಿ ಒಣಗಿದ ಮೇಲೆ ಲ್ಯಾಮಿನೇಷನ್ ಮಾಡಿಸಿ.